ಹಳೇ ಸೈಕಲ್ಲಿಗೆ ಗೇರ್

ಅಪ್ಪನ ಕಪ್ಪು ಸೈಕಲ್ಲಿಗೆ ಗೇರ್ ಹಾಕಿಸುತ್ತಿದ್ದೇನೆ. ಸುಮ್ನೆ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) ಬದಲಿಸಿದರೆ ಮುಗಿಯಲ್ಲ. ಆರು ಗೇರಿನದು ಕೂರಬೇಕಾದರೆ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಸಂದು ಸುಮಾರು 126 ಮಿ.ಮೀ. ಬೇಕು, ಇದರಲ್ಲಿ ಅಷ್ಟಿಲ್ಲ. ಪುಣ್ಯಕ್ಕೆ ಫ್ರೇಮ್ ಉಕ್ಕಿನದು. ಮೆಕ್ಯಾನಿಕ್ ಅಣ್ಣ ಹದವಾಗಿ ಎಳೆದು ಅಗಲ ಮಾಡಿದರು. ಚೈನೂ ಬೇರೆ, ತೆಳ್ಳಗಿನದು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್‌ಗೆ ಅಡ್ಡ ಅಂತ ಚೈನ್ ಕವರ್ ಬಿಚ್ಚಿದ್ದಾಯ್ತು. ಇನ್ನು ಪ್ಯಾಂಟಿಗೆ ಗ್ರೀಸ್ ಗ್ಯಾರಂಟಿ!

"ಗೇರ್ ಯಾಕೋ, ಕಾಲಿಲ್ವಾ?" ಅಂತಾರೆ ಅಪ್ಪ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನಡೆಸುವವರದ್ದೂ ಇದೇ ಹಟ ಇತ್ತಲ್ವಾ? 1937ರಲ್ಲಷ್ಟೇ ಎಲ್ಲರಿಗೂ ಡಿರೈಲರ್ ಬಳಸೋಕೆ ಬಿಟ್ಟಿದ್ದು. ಅಲ್ಲಿವರೆಗೆ ಬೆಟ್ಟ ಬಂದರೆ ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಬದಿಯ ಗೇರ್ ಸಿಗಲಿ ಅಂತ ತಿರುಗಿಸಿ ಹಾಕಿಕೊಳ್ಳಬೇಕಿತ್ತು. ರೇಸಿನ ಮಧ್ಯೆ! ಆ ಸವಾರರಂಥ ಕಾಲು ನನಗಿಲ್ಲ. ಆಫೀಸಿನ ಹತ್ತಿರದ ಏರು ಹತ್ತಿದರೆ ಸಾಕು.