ಬ್ಯಾರಿ ವೈಟ್: ಕಂಠದ ಹಿಂದಿದ್ದ ಸಂಯೋಜಕ

ಅಮೆರಿಕದ ಗಾಯಕ ಬ್ಯಾರಿ ವೈಟ್ ಎಂದೊಡನೆ ಕೇಳುಗರಿಗೆ ನೆನಪಾಗುವುದು ಅವರ ಮಂದ್ರ ಕಂಠ. ನನಗಾದರೋ ಅವರು ಮೊದಲು ವಾದ್ಯ ಸಂಯೋಜಕರು, ಅಂದರೆ ಹಾಡಿನಲ್ಲಿ ಯಾವ ವಾದ್ಯ ಎಲ್ಲಿ, ಹೇಗೆ ನುಡಿಯಬೇಕೆಂದು ಹೊಂದಿಸುವವರು; ಆಮೇಲೆ ಗಾಯಕರು.

1944ರ ಸೆಪ್ಟೆಂಬರ್ 12ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಹುಟ್ಟಿ, ದಕ್ಷಿಣ ಲಾಸ್ ಏಂಜಲೀಸ್‌ನ ಬಡ ಬಡಾವಣೆಯಲ್ಲಿ ಬೆಳೆದ ಅವರ ದನಿ ಹದಿನಾಲ್ಕನೆಯ ವಯಸ್ಸಿಗೆ ಒಡೆದು ಪಾತಾಳಕ್ಕಿಳಿಯಿತು. ಹದಿಹರೆಯದಲ್ಲೇ ಕ್ಯಾಡಿಲಾಕ್ ಕಾರುಗಳ ಟಯರು ಕದ್ದು ಜೈಲು ಸೇರಿದರು. ಅಲ್ಲಿ ರೇಡಿಯೊದಲ್ಲಿ ಎಲ್ವಿಸ್ ಪ್ರೀಸ್ಲಿಯ ‘ಇಟ್ಸ್ ನೌ ಆರ್ ನೆವರ್’ ಕೇಳಿದ್ದೇ ತಮ್ಮ ದಾರಿ ಬದಲಿಸಿತೆಂದು ಮುಂದೆ ಅವರೇ ಹೇಳಿಕೊಂಡರು.

ಬಿಡುಗಡೆಯ ನಂತರ 1960ರ ದಶಕವನ್ನು ಅವರು ಬಹುಪಾಲು ತೆರೆಮರೆಯಲ್ಲಿ, ಬೇರೆಯವರಿಗಾಗಿ ಹಾಡು ಬರೆಯುತ್ತ, ವಾದ್ಯ ಸಂಯೋಜಿಸುತ್ತ ಕಳೆದರು. 1972ರಲ್ಲಿ ‘ಲವ್ ಅನ್‌ಲಿಮಿಟೆಡ್’ ಎಂಬ ಮೂವರು ಗಾಯಕಿಯರ ತಂಡಕ್ಕೆ ಅವರು ರೂಪಿಸಿಕೊಟ್ಟ ಮಳೆಯ ಹಾಡು ಜನಪ್ರಿಯವಾಯಿತು; ಅದರ ನಡುವೆ ಬರುವ ದೂರವಾಣಿ ಸಂಭಾಷಣೆಯಲ್ಲಿ ಉತ್ತರಿಸುವ ಗಂಡು ದನಿ ಅವರದೇ. ಆದರೂ ಸ್ವತಃ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಬೇರೊಬ್ಬ ಗಾಯಕನಿಗಾಗಿ ವೈಟ್ ತಮ್ಮ ದನಿಯಲ್ಲಿ ಮಾದರಿಯಾಗಿ ಧ್ವನಿಮುದ್ರಿಸಿದ್ದ ಹಾಡುಗಳನ್ನು ಕೇಳಿದ ಗೆಳೆಯ ಲ್ಯಾರಿ ನ್ಯೂನ್ಸ್ ಒತ್ತಾಯಿಸಿದ ಮೇಲಷ್ಟೇ ಅವರು ಒಪ್ಪಿದರು.

ಹಾಗೆ 1973ರಲ್ಲಿ ಬಂದದ್ದು ‘ಐ ಆ್ಯಮ್ ಗಾನಾ ಲವ್ ಯೂ ಜಸ್ಟ್ ಎ ಲಿಟಲ್ ಮೋರ್ ಬೇಬಿ’. ಮೊದಲು ಡ್ರಮ್ಮಿನ ನಡೆ ಮಾತ್ರ ಕೇಳಿಸುತ್ತದೆ. ಉಳಿದ ವಾದ್ಯಗಳು ಅವಸರವಿಲ್ಲದೆ ಸೇರಿಕೊಳ್ಳುತ್ತವೆ. ಅಷ್ಟಾದರೂ ಅವರು ಹಾಡದೆ, ಪಕ್ಕದಲ್ಲೇ ಕುಳಿತವರಂತೆ ಮಾತನಾಡುತ್ತಾರೆ. ಅವರ ದನಿಯ ತೀರ ಕೆಳಗಿನ ಪದರ ಈ ಮಾತಿಗೇ ಮೀಸಲು, ಹಾಡುವಾಗ ಅವರು ಸಾಕಷ್ಟು ಮೇಲೇರುತ್ತಾರೆ. ಮಾತು ತಳದಲ್ಲಿ ನಿಂತದ್ದರಿಂದ ಮೇಲಿನ ಜಾಗವೆಲ್ಲ ಪಿಟೀಲುಗಳಿಗೆ ತೆರವಾಗುತ್ತದೆ, ಮತ್ತು ಇದು ಸಂಯೋಜಕನ ಲೆಕ್ಕಾಚಾರವೇ ಹೊರತು ಬರೀ ಶಾರೀರದ ವರವಲ್ಲ. ಆ ಪ್ರಣಯದ ಮಾತುಗಳು ಇಂದಿನ ಕಿವಿಗೆ ಕೊಂಚ ಅತಿಯೆನಿಸಬಹುದು, ನನಗೂ ಕೆಲವೊಮ್ಮೆ ನಗು ಬರುತ್ತದೆ.

ನಲವತ್ತು ವಾದ್ಯಗಾರರ ‘ಲವ್ ಅನ್‌ಲಿಮಿಟೆಡ್ ಆರ್ಕೆಸ್ಟ್ರಾ’ ಕಟ್ಟಿ ಅವರು ರಚಿಸಿದ ‘ಲವ್ಸ್ ಥೀಮ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 1974ರ ಫೆಬ್ರವರಿಯಲ್ಲಿ ಮೊದಲ ಸ್ಥಾನಕ್ಕೇರಿತು, ಅದರಲ್ಲಿ ಅವರ ದನಿಯೇ ಇರಲಿಲ್ಲ! ಅದೇ ವರ್ಷ ‘ಕಾಂಟ್ ಗೆಟ್ ಇನಫ್ ಆಫ್ ಯುವರ್ ಲವ್, ಬೇಬ್’ ಕೂಡ ಅಲ್ಲಿ ಅಗ್ರಸ್ಥಾನ ಪಡೆಯಿತು. ಬ್ರಿಟನ್ನಿನಲ್ಲಿ ಗೆದ್ದ ‘ಯೂ ಆರ್ ದಿ ಫಸ್ಟ್, ದಿ ಲಾಸ್ಟ್, ಮೈ ಎವೆರಿಥಿಂಗ್’ ಮೂಲತಃ ಪೀಟರ್ ರ‍್ಯಾಡ್‌ಕ್ಲಿಫ್ ಬರೆದು, ಎರಡು ದಶಕ ಯಾರೂ ಧ್ವನಿಮುದ್ರಿಸದೆ ಉಳಿದಿದ್ದ, ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಶೈಲಿಯ ಹಾಡು. ಸಾಹಿತ್ಯವನ್ನೂ ಲಯವನ್ನೂ ತಿದ್ದಿ ಅದನ್ನು ಕುಣಿತಕ್ಕೊಗ್ಗಿಸಿದವರು ವೈಟ್.

ಎಂಬತ್ತರ ದಶಕದಲ್ಲಿ ಮಂಕಾದ ಅವರ ಜನಪ್ರಿಯತೆ 1994ರ ‘ದಿ ಐಕಾನ್ ಈಸ್ ಲವ್’ ಆಲ್ಬಮ್ಮಿನಿಂದ ಮರಳಿ ಬಂತು. ಮೂತ್ರಪಿಂಡ ವೈಫಲ್ಯದಿಂದ 2003ರ ಜುಲೈ 4ರಂದು ತೀರಿಕೊಂಡಾಗ ಅವರಿಗೆ 58 ವರ್ಷ. ಅದಕ್ಕೆ ಮೂರು ವರ್ಷ ಮೊದಲಷ್ಟೇ ‘ಸ್ಟೇಯಿಂಗ್ ಪವರ್’ ಹಾಡಿಗಾಗಿ ಅವರಿಗೆ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದಿದ್ದವು, ಎರಡೂ ಗಾಯನಕ್ಕೇ.