ಕೆಂಪು ಮಣಿ, ಮಣ್ಣಿನ ಮಣಿ

ಹರಪ್ಪ ಕಾಲದ ಒಡವೆಗಳಲ್ಲಿ ಚಿನ್ನಕ್ಕಿಂತ ಹೆಚ್ಚು ಮಾತಾಡುವುದು ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿ. ಚಿನ್ನವನ್ನು ಕರಗಿಸಿ ಮತ್ತೆ ಬೇರೇನೋ ಮಾಡಿಕೊಳ್ಳಬಹುದು. ಕಲ್ಲಿನಲ್ಲಿ ಕೈಕೆಲಸದ ಗುರುತು ಹಾಗೇ ಉಳಿಯುತ್ತದೆ.

ಕಲ್ಲು ಹೆಚ್ಚಾಗಿ ಗುಜರಾತಿನದು. ಅಗೆದಾಗ ಮಂಕು ಕಂದು ಬಣ್ಣ; ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶ ಮಾರ್ಪಟ್ಟು ಕೆಂಪೇರುತ್ತದೆ. ಅಲ್ಲಿನ ಖಂಭಾತ್‌ ಊರಿನ ಇಂದಿನ ಮಣಿಗಾರರು ಮೊದಲು ಕಲ್ಲಿನ ಗಟ್ಟಿಗಳನ್ನು ಬಿಸಿಲಿಗೆ ಒಣಹಾಕುತ್ತಾರೆ. ತೇವ ಉಳಿದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಉರಿಯೂ ನೇರ ತಾಗಬಾರದು: ಮಡಕೆಯೊಳಗಿಟ್ಟು ನಿಧಾನ ಕಾಯಿಸಿ, ನಿಧಾನವಾಗಿಯೇ ಆರಲು ಬಿಡಬೇಕು.

ಚೆಕ್ಕೆ ಎಬ್ಬಿಸಿ, ಉಜ್ಜಿ ಆಕಾರಕ್ಕೆ ತಂದಮೇಲೆ ನಿಜವಾದ ಕಷ್ಟ ಶುರು. ತೂತು ಕೊರೆಯಲು ಹರಪ್ಪದವರು ಬಳಸಿದ ಕಲ್ಲಿಗೆ ಸಂಶೋಧಕರು 'ಅರ್ನೆಸ್ಟೈಟ್' ಎಂದು ಹೆಸರಿಟ್ಟಿದ್ದಾರೆ. ಪುರಾತತ್ವಜ್ಞ ಜೊನಾಥನ್ ಕೆನೋಯರ್ ನಡೆಸಿದ ಪ್ರಯೋಗಗಳಲ್ಲಿ ಆ ಕಲ್ಲಿನ ಬೈರಿಗೆ ಗಂಟೆಗೆ ಸುಮಾರು 2.5 ಮಿ.ಮೀ. ಮಾತ್ರ ಇಳಿಯಿತು. ಅಂದರೆ 10 ಸೆಂ.ಮೀ. ಮಣಿಗೆ ಕೊರೆತವೊಂದೇ 40 ಗಂಟೆ. ಎರಡೂ ತುದಿಯಿಂದ ಕೊರೆಯುತ್ತಿದ್ದರು. ಗುರಿ ತಪ್ಪಿದರೆ ನಡುವೆ ಮೆಟ್ಟಿಲು ಬೀಳುತ್ತದೆ, ಇಲ್ಲವೇ ಮಣಿಯೇ ಒಡೆಯುತ್ತದೆ. ಕರಾಚಿ ಬಳಿಯ ಅಲ್ಲಾಹ್‌ದಿನೊದಲ್ಲಿ ಸಿಕ್ಕ ಡಾಬಿನಲ್ಲಿ ಇಂಥ 36 ಉದ್ದ ಮಣಿಗಳಿವೆ. ಅದಕ್ಕೆ 480 ದಿನಗಳ ದುಡಿಮೆ ಹಿಡಿದಿರಬೇಕೆಂದು ಕೆನೋಯರ್ ಅವರ ಅಂದಾಜು. ಸೊಂಟಕ್ಕೆ ಕಟ್ಟಿಕೊಂಡದ್ದು ಬೇರೆಯವರ ವರ್ಷಕ್ಕೂ ಹೆಚ್ಚಿನ ಶ್ರಮ!

ಕೆಂಪಿನ ಮೇಲೆ ಬಿಳಿ ಗೆರೆ, ಉಂಗುರಗಳಿರುವ ಮಣಿಗಳದು ಇನ್ನೊಂದು ಜಾಣತನ. ಆ ಗೆರೆ ಮೂಡಿಸುವ ವಿಧಾನದ ಉಳಿಕೆಯನ್ನು ಪುರಾತತ್ವಜ್ಞ ಅರ್ನೆಸ್ಟ್ ಮೆಕೇ ಸಿಂಧ್‌ನ ಸೆಹ್ವಾನ್‌ನಲ್ಲಿ ಕಂಡು 1933ರಲ್ಲಿ ಬರೆದರು (ಬೈರಿಗೆ ಕಲ್ಲಿಗೆ ಆ ಹೆಸರು ಬಂದದ್ದೂ ಇವರಿಂದಲೇ). ವಾಷಿಂಗ್ ಸೋಡಾವನ್ನು ಕರೀರ ಗಿಡದ ಚಿಗುರಿನ ರಸದಲ್ಲಿ ಕಲಸಿ, ಲೇಖನಿಯಿಂದ ಚಿತ್ತಾರ ಬಿಡಿಸಿ, ಒಣಗಿಸಿ, ಕೆಂಡದಲ್ಲಿ ಕಾಯಿಸುವುದು. ರಸ ಅಂಟಿನ ಕೆಲಸ ಮಾಡುತ್ತದೆ, ಬಿಳಿಗಟ್ಟಿಸುವುದು ಸೋಡಾ. ಮಿಶ್ರಣ ನೀರಾದರೆ ಗೆರೆ ಹರಡಿಕೊಳ್ಳುತ್ತದೆ.

ಇಂಥ ಮಣಿ ಎಲ್ಲರ ಕೈಗೆಟುಕುತ್ತಿರಲಿಲ್ಲ. ಹಾಗಾಗಿಯೇ ಉದ್ದ ಮಣಿಯ ಆಕಾರವನ್ನೇ ಮಣ್ಣಿನಲ್ಲಿ ಮಾಡಿ, ಸುಟ್ಟು, ಕೆಂಪು ಬಳಿದ ನಕಲುಗಳೂ ಸಿಕ್ಕಿವೆ. ನನ್ನ ಮಟ್ಟಿಗೆ ಅಸಲಿಗಿಂತ ಈ ನಕಲೇ ಬೆಲೆಯುಳ್ಳ ಸಾಕ್ಷಿ: ಆ ರೂಪಕ್ಕೆ ಊರಲ್ಲೆಲ್ಲ ಮರ್ಯಾದೆಯಿತ್ತು, ಉಳ್ಳವರಲ್ಲದವರೂ ಅದನ್ನು ಬಯಸುತ್ತಿದ್ದರು.

ಉಂಗುರದ ಚಿತ್ತಾರವನ್ನು ದೃಷ್ಟಿ ತಾಗದಿರಲು ಇಟ್ಟ ಕಣ್ಣೆಂದು ಹೇಳುವವರಿದ್ದಾರೆ. ಹಾಗೆನ್ನಲು ಬರಹದ ಆಧಾರವಿಲ್ಲ, ಲಿಪಿಯನ್ನೇ ಇನ್ನೂ ಓದಲಾಗಿಲ್ಲ. ನಂಬಿಕೆಯ ಸುಳಿವಿಗೆ ಗೋರಿಗಳನ್ನು ನೋಡುವುದು ಮೇಲು. ಹರಪ್ಪದ ಸ್ಮಶಾನದಲ್ಲಿ ಕೆಲವು ಹೆಂಗಸರ ಎಡಗೈಯಲ್ಲಿ ಶಂಖದ ಬಳೆಗಳಿವೆ, ಜೊತೆಗೆ ಮಡಕೆಗಳು, ಚಿಕ್ಕ ಮಣಿಗಳು. ಅಲ್ಲಾಹ್‌ದಿನೊ ಡಾಬು ಸಿಕ್ಕದ್ದು ಗೋರಿಯಲ್ಲಲ್ಲ, ಒಡವೆ ತುಂಬಿ ಹೂತಿಟ್ಟ ಕುಡಿಕೆಯಲ್ಲಿ. ಬೆಲೆಬಾಳುವುದನ್ನು ಸತ್ತವರ ಜೊತೆ ಕಳಿಸದೆ ಮನೆಯವರೇ ಇಟ್ಟುಕೊಳ್ಳುತ್ತಿದ್ದರು ಅನ್ನಿಸುತ್ತದೆ. ಇರಾಕಿನ ಉರ್ ನಗರದ ರಾಜಗೋರಿಗಳಲ್ಲಿ ಮಾತ್ರ ಸಿಂಧೂ ಕಡೆಯ ಇದೇ ಬಿಳಿಗೆರೆ ಮಣಿಗಳನ್ನು ಹೆಣದ ಜೊತೆಗೇ ಹೂತರು.