ಆನ್‌ರೋಡ್ ಎಷ್ಟು ಅಂತ ಕೇಳದ ಗಿರಾಕಿ

ಬಾಗಿಲು ದಾಟಿದ ಕೂಡಲೇ "ಡಿಸ್ಕೌಂಟ್ ಎಷ್ಟ್ರಿ?" ಅಂತ ಕೇಳುವ ಗಿರಾಕಿ ಅಂದ್ರೆ ನಮ್ಮ ಶೋರೂಮಿನಲ್ಲಿ ಎಲ್ಲರಿಗೂ ಪ್ರೀತಿ. ಮೊದಲು ಇಪ್ಪತ್ತು ಸಾವಿರ ಅನ್ನಬೇಕು. ಆಮೇಲೆ ಟಿಎಲ್ (ಟೀಮ್ ಲೀಡರ್) ಬಂದು ಐದು ಸಾವಿರ ಏರಿಸಬೇಕು. ಕೊನೆಗೆ ಎಸ್‌ಎಂ (ಸೇಲ್ಸ್ ಮ್ಯಾನೇಜರ್) ಕ್ಯಾಬಿನ್ನಿನಲ್ಲಿ ಚಹಾ ಕುಡಿಸಿ ಇನ್ನೊಂದು ಐದು ಬಿಡಬೇಕು. ಮನುಷ್ಯ ಗೆದ್ದ ಖುಷಿಯಲ್ಲಿ ಟೋಕನ್ ಕಟ್ಟಿ ಹೋಗುತ್ತಾನೆ. ಬಿಟ್ಟ ಮೂವತ್ತು ಸಾವಿರವನ್ನು ಬೇರೆ ಯಾವ ಸಾಲಿನಲ್ಲಿ ಹಿಡಿದುಕೊಂಡೆವು ಅಂತ ನೋಡುವುದಿಲ್ಲ. ಕಲಬುರಗಿಯಲ್ಲಿ ಕಾರು ಮಾರುವ ಕೆಲಸವನ್ನು ನಾನು ಕಲಿತದ್ದೇ ಹೀಗೆ.

2024ರ ಡಿಸೆಂಬರ್ ನೆನಪಾದರೆ ಮಾತ್ರ ನನಗೆ ಈಗಲೂ ಉರಿಯುತ್ತದೆ. ನಗುವೂ ಬರುತ್ತದೆ.

ಆ ಸಲ ಎಳ್ಳಮಾವಾಸ್ಯೆ ಬಂದದ್ದು ಡಿಸೆಂಬರ್ 30ಕ್ಕೆ, ಸೋಮವಾರ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿಗೆ ಊರೇ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ ಬಿಟ್ಟು ಅವತ್ತು ಕಾರು ನೋಡಲು ಯಾರು ಬರುತ್ತಾರೆ? ತಿಂಗಳು, ಕ್ವಾರ್ಟರ್, ವರ್ಷ ಮೂರೂ ಮುಗಿಯುವ ಹೊತ್ತಿಗೆ ಫ್ಲೋರ್ ಖಾಲಿ. ಜಿಎಂ (ಜನರಲ್ ಮ್ಯಾನೇಜರ್) ಮಾತ್ರ ಗ್ರೂಪಿನಲ್ಲಿ, ಎಷ್ಟು ಗಾಡಿ ಮಾರಿದಿರಿ ಅಂತ, ಗಂಟೆಗೊಮ್ಮೆ "ರಿಟೇಲ್ ಸ್ಟೇಟಸ್?" ಅಂತ ಹಾಕುತ್ತಿದ್ದರು. ಹೆಡ್ ಆಫೀಸಿನ ಎಕ್ಸೆಲ್ಲಿಗೆ ಎಳ್ಳಮಾವಾಸ್ಯೆ ಗೊತ್ತಿಲ್ಲ. ಉಳಿದದ್ದು ಮಂಗಳವಾರ ಒಂದೇ ದಿನ. ನನ್ನ ಪೈಪ್‌ಲೈನಿನಲ್ಲಿ ಹಾಟ್ ಅಂತ ಇದ್ದವರೆಲ್ಲ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಕೊಳ್ಳುವ ಭರವಸೆ ಇಲ್ಲದ ಒಂದು ಕೋಲ್ಡ್ ಎನ್ಕ್ವೈರಿ ಉಳಿದಿತ್ತು.

ಆಕೆ ಮೊದಲು ಬಂದದ್ದು ಕ್ರಿಸ್ಮಸ್ ಹೊತ್ತಿಗೆ. ನೆಹರು ಗಂಜಿನ, ಅಂದ್ರೆ ನಮ್ಮ ಧಾನ್ಯ ಮಾರುಕಟ್ಟೆಯ, ಒಂದು ಅಡತ್ (ಕಮಿಷನ್ ಮಂಡಿ) ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಜೊತೆಗೆ ಪಿಯುಸಿ ಓದುವ ಮಗ. ಅವನು ಸೀದಾ ಹೋಗಿ ಸನ್‌ರೂಫ್ ಇರುವ ಡೆಮೊ ಕಾರಿನಲ್ಲಿ ಕೂತ. ಆಕೆ ನನ್ನೆದುರು ಕೂತು ಉದ್ದನೆಯ ನೋಟ್‌ಬುಕ್ ತೆಗೆದರು.

"ಒಂದೊಂದೇ ಹೇಳ್ರಿ, ಬರಕೋತೀನಿ."

ನಮ್ಮಲ್ಲಿ ಒಂದೇ ಮೊತ್ತ ಹೇಳುವುದು ಪದ್ಧತಿ. ಬಿಡಿಸಿ ಹೇಳಿದರೆ ಪ್ರಶ್ನೆ ಹುಟ್ಟುತ್ತವೆ. ನಾನು ರೂಢಿಯಂತೆ "ಎಲ್ಲಾ ಸೇರಿ ಆನ್‌ರೋಡ್ ಹನ್ನೆರಡು ಲಕ್ಷ ಇಪ್ಪತ್ತೈದು ಸಾವಿರ ಮೇಡಂ" ಅಂದೆ. ಆಕೆ ಪೆನ್ನು ಎತ್ತಲಿಲ್ಲ.

"ರೈತರ ಮಾಲ್ ಬಂದ್ರ ನಾವು ಪಟ್ಟಿ ಕೊಡ್ತೀವ್ರಿ. ತೂಕ ಬ್ಯಾರೆ, ಹಮಾಲಿ ಬ್ಯಾರೆ. ಬರೀ ಮೊತ್ತ ಬರದು ಕೊಟ್ರ ಅವ ತೊಗರಿ ಚೀಲ ವಾಪಸ್ ಗಾಡಿಗಿ ಹಾಕ್ತಾನ."

ಸರಿ ಅಂತ ಹೇಳಿದೆ. ಎಕ್ಸ್‌ಶೋರೂಮ್, ಅಂದ್ರೆ ಬರೀ ಗಾಡಿಯ ಬೆಲೆ, 9,84,000. ಲೈಫ್‌ಟೈಮ್ ಟ್ಯಾಕ್ಸ್ ಸೆಸ್ ಸೇರಿ ಒಂದು ಲಕ್ಷ ಐವತ್ಮೂರು ಸಾವಿರ. ಇನ್ಶುರೆನ್ಸ್ ಐವತ್ತೆರಡು. ಎಕ್ಸ್‌ಟೆಂಡೆಡ್ ವಾರಂಟಿ ಹದಿಮೂರು. ಆಕ್ಸೆಸರಿ ಕಿಟ್ ಹದಿನಾಲ್ಕು. ಹ್ಯಾಂಡ್ಲಿಂಗ್ ಎಂಟೂವರೆ. ಉಳಿದದ್ದು ಫಾಸ್ಟ್‌ಟ್ಯಾಗ್, ರಿಜಿಸ್ಟ್ರೇಶನ್ ಫೀ. ಆಕೆ ಮೊದಲಿನ ಎರಡು ಸಾಲಿಗೆ ಟಿಕ್ ಹಾಕಿದರು. ಉಳಿದವಕ್ಕೆ ಸುತ್ತು ಹಾಕಿದರು. ಹ್ಯಾಂಡ್ಲಿಂಗ್ ಹತ್ತಿರ ಪೆನ್ನು ನಿಲ್ಲಿಸಿ, "ಇದು ಹಮಾಲೀನಾ? ಗಾಡಿ ಯಾರು ಹೊತ್ಕೊಂಡು ಬಂದ್ರು?" ಅಂದರು. ಪಕ್ಕದ ಟೇಬಲಿನ ಹುಡುಗ ಕಿಸಕ್ಕನೆ ನಕ್ಕ.

ನಾನು ಮಗನ ಕಡೆ ತಿರುಗಿದೆ. ಅದು ನಮ್ಮ ಹಳೆ ದಾರಿ. ಸನ್‌ರೂಫ್ ವೇರಿಯಂಟ್ 10,20,000, "ಬರೀ ಮೂವತ್ತಾರು ಸಾವಿರ ಫರಕು" ಅಂದೆ. ಮಗನ ಕಣ್ಣು ಅರಳಿತು. ಆಕೆ ಹಾಳೆ ತಿರುವಿ ಲೆಕ್ಕ ಹಾಕಿದರು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಟ್ಯಾಕ್ಸ್ ಶೇ 14, ಹತ್ತು ದಾಟಿದರೆ ಶೇ 17, ಮೇಲೆ ಸೆಸ್. ಹತ್ತು ಲಕ್ಷದ ಗೆರೆ ದಾಟಿದ ಕೂಡಲೇ ಶೇ 1 ಟಿಸಿಎಸ್, ಅಂದ್ರೆ ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಬೇರೆ. ಟಿಸಿಎಸ್ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ, ಆದರೆ ಮೊದಲು ಕೈಯಿಂದ ಕಟ್ಟಬೇಕಲ್ವಾ? ನನ್ನ ಮೂವತ್ತಾರು ಸಾವಿರ ಆಕೆಯ ಹಾಳೆಯಲ್ಲಿ ಎಂಬತ್ತೈದು ಸಾವಿರ ದಾಟಿತ್ತು. ಅದನ್ನು ಮಗನಿಗೆ ತೋರಿಸಿದರು. ಅವನು ಸುಮ್ನೆ ಕಾರಿನಿಂದ ಇಳಿದು ಬಂದ.

ಅವರು ಹೋದ ಮೇಲೆ ಡಿಎಂಎಸ್‌ನಲ್ಲಿ, ಗಿರಾಕಿಗಳ ವಿವರ ಇಡುವ ನಮ್ಮ ಸಾಫ್ಟ್‌ವೇರಿನಲ್ಲಿ, ಕೋಲ್ಡ್ ಅಂತ ಹಾಕಿದೆ. ರಿಮಾರ್ಕ್ಸ್: "ಕೊಟೇಶನ್ ಕಲೆಕ್ಟರ್." ಚೌಕಾಸಿ ಮಾಡದವರು ಕೊಳ್ಳುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮಂಗಳವಾರ ಮಧ್ಯಾಹ್ನ ಬೇರೆ ದಾರಿಯಿಲ್ಲದೆ ಅವರಿಗೇ ಫೋನ್ ಮಾಡಿದೆ. "ನಾಳೆಯಿಂದ ರೇಟ್ ಏರುತ್ತೆ ಮೇಡಂ, ಇವತ್ತೇ ಬಿಲ್ ಮಾಡಿಸಿ." ಇದು ಸುಳ್ಳಲ್ಲ. ಜನವರಿಯಿಂದ ಏರಿಕೆ ಅಂತ ಹೆಚ್ಚಿನ ಕಂಪನಿಗಳು ಡಿಸೆಂಬರಿನಲ್ಲೇ ಹೇಳಿದ್ದವು. ಗಂಜು ಮುಗಿಸಿ ಬರುತ್ತೇನೆ ಅಂದರು. ದೀಪ ಹಚ್ಚುವ ಹೊತ್ತಿಗೆ ಬಂದರು, ಒಬ್ಬರೇ. ಮಗ ಎಲ್ಲಿ ಅಂತ ಕೇಳಿದೆ. "ಕರಕೊಂಡು ಬಂದ್ರ ನೀವು ಅವನ ಸಂಗಟ ಮಾತಾಡ್ತೀರಿ" ಅಂದರು.

ಕೂತವರೇ ಕೇಳಿದ್ದು ಗಾಡಿ ತಯಾರಾದ ತಿಂಗಳು. ಮಾರಾಟದ ಸರ್ಟಿಫಿಕೇಟ್ ಆದ ಫಾರಂ 21ರಲ್ಲಿ ಅದು ಬರೆದೇ ಇರುತ್ತದೆ, ಮುಚ್ಚಿಡಲು ಆಗುವುದಿಲ್ಲ. ಯಾರ್ಡಿನಲ್ಲಿ ಇದ್ದದ್ದು ಆಗಸ್ಟ್ ಗಾಡಿ.

"ಅಂದ್ರ ನಾಳೆ ಮುಂಜಾನೆ ಇದು ಹೋದ ವರ್ಷದ ಗಾಡಿ ಆಗ್ತದ. ಮುಂದ ನಾ ಮಾರೂಮುಂದ 2024ರದ್ದು ಅಂತ ರೇಟ್ ಕಡಿತಾರ. ಜನವರಿದಾಗ ತಯಾರಾದ ಗಾಡಿ ಹತ್ತು-ಹದಿನೈದು ಸಾವಿರ ಜಾಸ್ತಿ ಆದ್ರೂ ನಂಗ ನಡೀತದ. ಅವಸರ ಯಾರಿಗಿ ಅದ್ರಿ?"

ಆ ಪ್ರಶ್ನೆಗೆ ಉತ್ತರ ಇಡೀ ಶೋರೂಮಿಗೆ ಗೊತ್ತಿತ್ತು. ಆದರೂ ನಾನು ಕ್ಯಾಬಿನ್ನಿಗೆ ಹೋಗಿ ಎಸ್‌ಎಂಗೆ ಹೇಳಿದ್ದು ಬೇರೆಯೇ. "ಈ ಹೊತ್ತಿನಲ್ಲಿ ಬಂದಿದ್ದಾರೆ ಅಂದ್ರೆ ಇವತ್ತು ತಗೊಂಡೇ ಹೋಗ್ತಾರೆ ಸರ್. ಇನ್ಶುರೆನ್ಸ್ ನಮ್ಮದೇ ಅಂತ ಗಟ್ಟಿಯಾಗಿ ಹೇಳಿ, ಒಪ್ತಾರೆ." ಯಾಕೆ ಹಾಗೆ ಹೇಳಿದೆ? ನನ್ನ ಇನ್ಶುರೆನ್ಸ್ ಪೆನಿಟ್ರೇಶನ್, ಅಂದ್ರೆ ಮಾರಿದ ಗಾಡಿಗಳಲ್ಲಿ ನಮ್ಮಲ್ಲೇ ಇನ್ಶುರೆನ್ಸ್ ಮಾಡಿಸಿದವುಗಳ ಪಾಲು, ಆ ತಿಂಗಳು ಕೆಂಪಿನಲ್ಲಿತ್ತು. ಗಿರಾಕಿಯ ಮುಖ ನೋಡುವ ಬದಲು ನನ್ನ ಡ್ಯಾಶ್‌ಬೋರ್ಡ್ ನೋಡಿ ಹೇಳಿದ ಮಾತು ಅದು.

ಎಸ್‌ಎಂ ಹೊರಗೆ ಬಂದರು. ನಲವತ್ತು ಸಾವಿರ ಡಿಸ್ಕೌಂಟ್, ಆದರೆ ಇನ್ಶುರೆನ್ಸ್ ನಮ್ಮಲ್ಲೇ ಮಾಡಿಸಿದರೆ ಮಾತ್ರ, ಅದು ಶೋರೂಮಿನ ಪಾಲಿಸಿ ಅಂದರು.

ಆಕೆ ಹೊರಗಿನ ಕೋಟ್ ತಂದಿದ್ದರು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ 2018ರಿಂದ ಕಡ್ಡಾಯ. 1000 ಸಿಸಿಯಿಂದ 1500 ಸಿಸಿ ತನಕ ಆಗ ಅದರ ರೇಟು 10,640, ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಿ ಮಾಡಿಸಿದರೂ ಅಷ್ಟೇ. ಹೆಚ್ಚು ಕಡಿಮೆ ಆಗುವುದೆಲ್ಲ ಓನ್ ಡ್ಯಾಮೇಜ್ (ನಮ್ಮದೇ ಗಾಡಿಗೆ ಆಗುವ ಹಾನಿ) ಮತ್ತು ಆಡ್-ಆನ್ ಸಾಲಿನಲ್ಲಿ. ಅದೇ ಐಡಿವಿ (ಇನ್ಶುರೆನ್ಸಿನಲ್ಲಿ ಗಾಡಿಗೆ ಕಟ್ಟಿದ ಬೆಲೆ), ಅದೇ ಝೀರೋ ಡೆಪ್ (ಸವಕಳಿ ಕಡಿಯದ ಕವರ್), ಆಕೆಯ ಕೋಟ್ ಮೂವತ್ತೇಳು ಸಾವಿರ. ನಮ್ಮದು ಐವತ್ತೆರಡು. ಡೀಲರ್ ಹತ್ತಿರವೇ ಮಾಡಿಸಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಇದು ನಮಗೆ ಗೊತ್ತು. ಗಿರಾಕಿಗೆ ಗೊತ್ತಿಲ್ಲ ಅನ್ನುವ ಧೈರ್ಯದ ಮೇಲೆ ನಡೆಯುತ್ತದೆ.

"ಆಯ್ತ್ರಿ" ಅಂದರು ಆಕೆ. "ನಿಮ್ಮ ಇನ್ಶುರೆನ್ಸ್ ತಗೊಂಡ್ರಷ್ಟೇ ಡಿಸ್ಕೌಂಟ್ ಅಂತ ಲೆಟರ್‌ಹೆಡ್ ಮ್ಯಾಲ ಬರದು, ಸಹಿ ಮಾಡಿ ಕೊಡ್ರಿ."

ಎಸ್‌ಎಂ ನನ್ನನ್ನು ನೋಡಿದರು. ನಾನು ಪ್ರಿಂಟರ್ ನೋಡಿದೆ. ಪ್ರಿಂಟರಿನಲ್ಲಿ ಲೆಟರ್‌ಹೆಡ್ ಕಂತೆಯೇ ಇತ್ತು, ಹಾಳೆ ಇಲ್ಲ ಅನ್ನುವ ಹಾಗೂ ಇರಲಿಲ್ಲ.

ಗಿರಾಕಿ ಎದ್ದು ಹೊರಟರೆ ಏನು ಮಾಡಬೇಕು ಅಂತ ನಮಗೆ ಚೆನ್ನಾಗಿ ಗೊತ್ತು. ಪಾರ್ಕಿಂಗ್ ತನಕ ಹಿಂದೆ ಓಡಿ, "ಮೇಡಂ, ಒಂದ್ನಿಮಿಷ, ಸರ್ ಕರೀತಿದ್ದಾರೆ" ಅನ್ನಬೇಕು. ಆಕೆ ಏಳಲಿಲ್ಲ. ಸಿಟ್ಟೂ ಮಾಡಲಿಲ್ಲ. ನೋಟ್‌ಬುಕ್ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂತರು. ಹೀಗೆ ಕೂತವರಿಗೆ ಏನು ಹೇಳಬೇಕು ಅಂತ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿಲ್ಲ. ಎಸ್‌ಎಂ ಜೇಬಿನಲ್ಲಿ ಫೋನ್ ಗುಂಯ್ ಅಂದಿತು. ಮತ್ತೆ ಗುಂಯ್ ಅಂದಿತು. "ರಿಟೇಲ್ ಸ್ಟೇಟಸ್?" ಇನ್ಯಾವ ಮೆಸೇಜ್ ಇರುತ್ತದೆ! ಬಿಲ್ಲಿಂಗ್ ಹುಡುಗಿ ಗಾಜಿನ ಹಿಂದಿನಿಂದ ಗಡಿಯಾರ ತೋರಿಸಿ ಕೈ ಆಡಿಸಿದಳು. ನಾನು ನೀರು ತರಲು ಎದ್ದೆ. ಬೇಕಾದದ್ದು ನನಗೇ. ಎರಡು ಗ್ಲಾಸ್ ಕುಡಿದು, ಆಕೆಗೆ ತರುವುದನ್ನು ಮರೆತು ಬರಿಗೈಯಲ್ಲಿ ವಾಪಸ್ ಬಂದೆ.

ಎಸ್‌ಎಂ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಮುಖದಲ್ಲಿ ನಗು ತುಂಬಿಕೊಂಡಿದ್ದರು. ಡಿಸ್ಕೌಂಟ್ ನಲವತ್ತು ಹಾಗೇ ಇರುತ್ತದೆ, ಇನ್ಶುರೆನ್ಸ್ ನಿಮ್ಮಿಷ್ಟ, ಹ್ಯಾಂಡ್ಲಿಂಗ್ ತೆಗೆದುಬಿಡೋಣ ಅಂದರು. ಪಾಲಿಸಿ ಎಲ್ಲಿ ಹೋಯಿತೋ.

"ಕಿಟ್ ಬ್ಯಾಡ. ವಾರಂಟಿ ಆಮೇಲೂ ತಗೋಬಹುದಲ್ರಿ, ಮೊದಲಿನ ವಾರಂಟಿ ಮುಗಿಯೂದ್ರೊಳಗ?" ಅಂದರು. ಹೌದು ಅಂದೆ. "ಮತ್ತ ಗಾಡಿ ನಮ್ಮ ಮನಿಯವರ ಹೆಸರಿಗಿ. ಕೆಕೆಆರ್‌ಟಿಸಿ ಬಸ್ ನಿಗಮದಾಗ ಇದ್ದಾರ. ಸರ್ಕಾರಿ ನೌಕರರಿಗಿ ಏನೋ ಸ್ಕೀಮ್ ಇರ್ತದಂತಲ್ಲ?"

ಇದ್ದೇ ಇತ್ತು. ಕಾರ್ಪೊರೇಟ್ ಆಫರ್, ಐಡಿ ಕಾರ್ಡ್ ಅಪ್‌ಲೋಡ್ ಮಾಡಿದರೆ ಕಂಪನಿಯೇ ಕೊಡುವ ದುಡ್ಡು. ಕೇಳಿದವರಿಗೆ ಮಾತ್ರ ಹೇಳಬೇಕು, ಕೊನೆಯ ಬಾಣವಾಗಿ ಇಟ್ಟುಕೊಳ್ಳಬೇಕು ಅನ್ನುವುದು ಟಿಎಲ್ ಮಾತು. ಗಂಡ ಏನು ಕೆಲಸ ಮಾಡುತ್ತಾರೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಗಂಜಿನಲ್ಲಿ ಲೆಕ್ಕ ಬರೆಯುವವರು ಅಂತ ತಿಳಿದ ಮೇಲೆ ನನಗೆ ಅಷ್ಟೇ ಸಾಕಾಗಿತ್ತು.

ಲೋನ್ ಕೂಡ ಅವರದೇ ಬ್ಯಾಂಕಿನದು, ಡಿಒ (ಬ್ಯಾಂಕಿನ ಡೆಲಿವರಿ ಆರ್ಡರ್) ಕೈಯಲ್ಲೇ ಇತ್ತು. ಅಂದ್ರೆ ಲೋನ್ ಕೊಡಿಸಿದ್ದಕ್ಕೆ ನಮಗೆ ಸಿಗುವ ಫೈನಾನ್ಸ್ ಪೇಔಟೂ ಇಲ್ಲ. ಉಳಿದ ದುಡ್ಡು ಆರ್‌ಟಿಜಿಎಸ್. ಅದು ಇಪ್ಪತ್ನಾಲ್ಕು ಗಂಟೆಯೂ ನಡೆಯುವುದರಿಂದ ರಾತ್ರಿ ಬಿಲ್ ಆಯಿತು. ಅದೇ ವಾರ ಆಳಂದ ಕಡೆಯ ಒಬ್ಬರು ತೊಗರಿ ದುಡ್ಡಿನ ಚೀಲ ತಂದು ಟೇಬಲ್ ಮೇಲೆ ಇಟ್ಟಿದ್ದರು. ಎರಡು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಕ್ಯಾಶ್ ನಾವು ಮುಟ್ಟುವ ಹಾಗಿಲ್ಲ ಅಂತ ಅವರಿಗೆ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಗಿತ್ತು. ಆಕೆ ಆ ವಿಷಯದಲ್ಲಾದರೂ ನನಗೆ ತ್ರಾಸು ಕೊಡಲಿಲ್ಲ.

ಜಿಎಂ ಗ್ರೂಪಿನಲ್ಲಿ ಪಟಾಕಿ ಇಮೋಜಿ ಹಾಕಿದರು. ಬ್ರಾಂಚ್ ಟಾರ್ಗೆಟ್ ಮುಟ್ಟಿತು. ಇನ್ಸೆಂಟಿವ್ ಶೀಟ್ ಬಂದಾಗ ಆ ಗಾಡಿಯ ಎದುರು ನನಗೆ ಸೊನ್ನೆ. ಇನ್ಶುರೆನ್ಸ್ ಇಲ್ಲ, ಫೈನಾನ್ಸ್ ಇಲ್ಲ, ಎಕ್ಸ್‌ಟೆಂಡೆಡ್ ವಾರಂಟಿ ಇಲ್ಲ, ಆಕ್ಸೆಸರಿ ಇಲ್ಲ. ಬೋಳು ಗಾಡಿ. ಕಾರು ಮಾರಿದ್ದಕ್ಕೆ ನಮಗೆ ದುಡ್ಡು ಬರುವುದಿಲ್ಲ ಸ್ವಾಮಿ, ಕಾರಿನ ಜೊತೆ ಅಂಟಿಸಿದ್ದಕ್ಕೆ ಬರುತ್ತದೆ. ಸೇಲ್ಸ್‌ನವರು ಇನ್ಶುರೆನ್ಸ್ ಸಾಲಿಗೆ ಬಂದಾಗ ಯಾಕೆ ಅಷ್ಟು ಜೋರಾಗಿ ಮಾತಾಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ?

ಮ್ಯಾನೇಜ್‌ಮೆಂಟ್ ಇದರಿಂದ ಏನು ಕಲಿಯಿತು ಅಂತೀರಾ? ಜನವರಿ ಮೊದಲ ರಿವ್ಯೂನಲ್ಲೇ ಹೊಸ ನಿಯಮ ಬಂತು: ಟೋಕನ್ ಕಟ್ಟುವ ತನಕ ಯಾರಿಗೂ ಬಿಡಿಸಿದ ಕೊಟೇಶನ್ ಕೊಡಬಾರದು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ತನಕದ ಪೆಟ್ರೋಲ್ ಗಾಡಿಗಳು. ಆಕೆ ಕೊಂಡಂಥ ಗಾಡಿಯ ಎಕ್ಸ್‌ಶೋರೂಮೇ ಎಂಬತ್ತು ಸಾವಿರದ ಹತ್ತಿರ ಇಳಿಯುವ ಲೆಕ್ಕ. ಜನ ಪೇಪರ್ ಹಿಡಿದುಕೊಂಡು ಬಂದರು. ಮೇಲಿನ ಸಾಲು ಇಳಿದ ಖುಷಿಯಲ್ಲಿ ಕೆಳಗಿನ ಸಾಲು ಯಾರೂ ಓದಲಿಲ್ಲ. ಆ ದಸರಾಕ್ಕೆ ನಮ್ಮ ಶೋರೂಮಿನಲ್ಲಿ ಹ್ಯಾಂಡ್ಲಿಂಗ್ ಎಂಟೂವರೆಯಿಂದ ಹತ್ತಕ್ಕೆ ಏರಿತು. ಒಬ್ಬರೂ ಕೇಳಲಿಲ್ಲ.

ಗಂಜಿನಿಂದ ಬರುವವರು ಮಾತ್ರ ಕೇಳುತ್ತಾರೆ. ಆಕೆ ಅಲ್ಲಿ ಎಲ್ಲರಿಗೂ ಹೇಳಿದ ಹಾಗಿದೆ. ನೋಟ್‌ಬುಕ್ ಹಿಡಿದು ಬಂದವರನ್ನು ಕಂಡರೆ ಟಿಎಲ್ ದೂರದಿಂದಲೇ ನನ್ನ ಟೇಬಲಿಗೆ ಕೈ ತೋರಿಸುತ್ತಾನೆ. ನಾನು ನಿಯಮ ಬಿಟ್ಟು ಬಿಡಿಸಿಯೇ ಬರೆದುಕೊಡುತ್ತೇನೆ, ಗಂಡ-ಹೆಂಡತಿ ಇಬ್ಬರ ನೌಕರಿಯನ್ನೂ ಮೊದಲೇ ಕೇಳುತ್ತೇನೆ. ಗಾಡಿ ಹೋಗುತ್ತವೆ. ನನ್ನ ಇನ್ಶುರೆನ್ಸ್ ಪೆನಿಟ್ರೇಶನ್ ಈ ತಿಂಗಳೂ ಕೆಂಪಿನಲ್ಲೇ ಇದೆ. ನಾಳೆ ಬೆಳಿಗ್ಗೆ ರಿವ್ಯೂ.